ಒಂದು ಎಂಬಿಯಲ್ಲಿ ಆಯಿಯ ದನಿ

ನನ್ನ ಸೋದರಮಾವನ ಹಳೆಯ ಕೀಪ್ಯಾಡ್ ಮೊಬೈಲು ವರ್ಷಗಟ್ಟಲೆ ಗೋಡೆಯ ಗೂಡಿನಲ್ಲಿ ಧೂಳು ತಿನ್ನುತ್ತಿತ್ತು. ಬ್ರಿಟಿಷರ ಕೊನೆಗಾಲದಲ್ಲಿ ಗದಗ ಸೀಮೆಯ ಹೆಣ್ಣುಮಕ್ಕಳ ಓದು ನನ್ನ ಪಿಎಚ್‌ಡಿ ವಿಷಯ ಎಂದು ತಿಳಿದ ಮೇಲೆ ಮಾಮ ಅದರ ಮೆಮೊರಿ ಕಾರ್ಡನ್ನು ತೆಗೆದು ನನ್ನ ಕೈಗಿಟ್ಟ. "ಆಯಿ ಮಾತಾಡಿದ್ದು ಇದರಾಗ ಐತಿ ನೋಡವಾ" ಎಂದ. ಆಯಿ ಎಂದರೆ ನನ್ನ ತಾಯಿಯ ತಾಯಿ. ಎರಡು ವರ್ಷ ಶಾಲೆ ಕಂಡು, ಮದುವೆಗಾಗಿ ಬಿಟ್ಟವಳು. ಈಗ ಇಲ್ಲ.

ಕಾರ್ಡಿನಲ್ಲಿ 2009ರ ಒಂದು ಕಡತವಿತ್ತು. 11 ನಿಮಿಷದ ಮಾತು, ಗಾತ್ರ ಸುಮಾರು ಒಂದು ಎಂಬಿ. ಹೆಸರಿನ ಕೊನೆಗೆ ಎಎಂಆರ್ ಎಂದಿತ್ತು. ನನ್ನ ಲ್ಯಾಪ್‌ಟಾಪ್ ಅದನ್ನು ತೆರೆಯಲೇ ಇಲ್ಲ. ಅದೇ 11 ನಿಮಿಷ ಸಿ.ಡಿ. ಗುಣಮಟ್ಟದಲ್ಲಿದ್ದಿದ್ದರೆ ನೂರು ಎಂಬಿ ದಾಟುತ್ತಿತ್ತು. ಉಳಿದದ್ದೆಲ್ಲ ಎಲ್ಲಿ ಹೋಯಿತು?

ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದವಳಿಗೆ ದಾರಿಯಲ್ಲಿ ಬೆಂಗಳೂರೂ ಸಿಕ್ಕಿತು. 1933ರಲ್ಲಿ ಕಾನ್ಪುರದಲ್ಲಿ ಹುಟ್ಟಿದ ಬಿಷ್ಣು ಅಟಲ್ ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ, 1957ರಿಂದ 1960ರವರೆಗೆ ಅಲ್ಲೇ ಧ್ವನಿವಿಜ್ಞಾನ ಕಲಿಸಿದವರು. 1961ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ಸೇರಿದರು. 1985ರಲ್ಲಿ ಮ್ಯಾನ್‌ಫ್ರೆಡ್ ಶ್ರೋಡರ್ ಜೊತೆ ಅವರು ಮಂಡಿಸಿದ ವಿಧಾನವೇ ಎಎಂಆರ್‌ಗೆ ಬುನಾದಿ. ಆಗ ಒಂದು ಸೆಕೆಂಡಿನ ಮಾತನ್ನು ಸಂಕುಚಿಸಲು ಕ್ರೇ-1 ಸೂಪರ್ ಕಂಪ್ಯೂಟರಿಗೆ 125 ಸೆಕೆಂಡು ಬೇಕಾಗಿತ್ತಂತೆ. 1999ರ ಹೊತ್ತಿಗೆ ಅದೇ ಬಗೆಯ ಕೆಲಸ ಮೊಬೈಲಿನೊಳಗೆ ಹಿಡಿಸುವಷ್ಟಾಗಿ, ಎಎಂಆರ್ ಮೊಬೈಲ್ ಜಾಲದ ಮಾನದಂಡವಾಯಿತು.

ಈ ವಿಧಾನದ ಗುಟ್ಟು ಇಷ್ಟು. ಯಂತ್ರವು ಮಾತನ್ನು 20 ಮಿಲಿಸೆಕೆಂಡಿನ ತುಣುಕುಗಳಾಗಿ ಕತ್ತರಿಸುತ್ತದೆ. ಆ ಗಳಿಗೆಯಲ್ಲಿ ಗಂಟಲು, ಬಾಯಿ ಹೇಗಿದ್ದರೆ ಇಂಥ ಸದ್ದು ಬರುತ್ತದೆಂದು ಲೆಕ್ಕ ಹಾಕುತ್ತದೆ. ಮಿಕ್ಕ ಭಾಗಕ್ಕೆ ತನ್ನಲ್ಲಿರುವ ಮಾದರಿಗಳಲ್ಲಿ ಹತ್ತಿರದ್ದನ್ನು ಆರಿಸಿ, ಅದರ ಸಂಖ್ಯೆಯನ್ನಷ್ಟೇ ಬರೆದಿಡುತ್ತದೆ. ಅತ್ಯುತ್ತಮ ದರ್ಜೆಯಲ್ಲೂ ಒಂದು ತುಣುಕಿಗೆ ಸಿಗುವುದು 244 ಬಿಟ್. ಕೇಳುವಾಗ ಇನ್ನೊಂದು ಯಂತ್ರ ಆ ಬರಹ ಓದಿ ದನಿಯನ್ನು ಮತ್ತೆ ಕಟ್ಟುತ್ತದೆ. ಕಿರಿದಾದ ದಾರಿಯಲ್ಲಿ ಹೆಚ್ಚು ಕರೆ ಸಾಗಲೆಂದು ಮಾಡಿದ್ದು ಇದು. ಆಡಿ ಮುಗಿಸುವ ಮಾತಿಗೆ ಅಷ್ಟು ಸಾಕು. ಅದನ್ನು ಕಾಪಿಡುವ ಪೆಟ್ಟಿಗೆಯನ್ನಾಗಿ ಮಾಡಿಕೊಂಡವರು ನಾವು.

ಪರಿಚಿತರೊಬ್ಬರು ಎಫ್‌ಎಫ್‌ಎಂಪೆಗ್ ಎಂಬ ಮುಕ್ತ ತಂತ್ರಾಂಶ ಬಳಸಲು ಹೇಳಿಕೊಟ್ಟ ಮೇಲೆ ಕಡತ ತೆರೆದುಕೊಂಡಿತು. ಆಯಿ ಮಾತಾಡಿದಳು. ಹಿಂದೆ ಬೀಸುಕಲ್ಲಿನ ಸದ್ದು ನೀರೊಳಗೆ ಗುಳುಗುಳು ಎಂದಂತಿತ್ತು. ಮನುಷ್ಯರ ಗಂಟಲಿಗೆಂದು ಹೊಲಿದ ಅಂಗಿ ಕಲ್ಲಿಗೆ ಹೊಂದುವುದೆಂತು? ಆರನೇ ನಿಮಿಷದಲ್ಲಿ ಆಯಿ ಶಾಲೆ ಬಿಡಿಸಿದ ಮಾತು ತೆಗೆದಳು. ನಾನು ಲಿಪ್ಯಂತರದಲ್ಲಿ "ಸಾಲಿ" ಎಂದು ಬರೆದೆ. ಊರಲ್ಲಿ ಎಲ್ಲರೂ ಅನ್ನುವುದು ಹಾಗೇ. ಅಮ್ಮ ಓದಿ ತಡೆದಳು. "ಆಕಿ ಎಂದೂ ಸಾಲಿ ಅಂದಾಕಿ ಅಲ್ಲ. ಶಾಲಿ ಅಂತಿದ್ಲು. ಮಾಸ್ತರು ಬಡದು ಕಲಿಸಿದ್ದು ಅಂತ ಹೆಮ್ಮಿ ಆಕಿಗೆ."

ಮತ್ತೆ ಮತ್ತೆ ಕೇಳಿದೆ. ತಿಳಿಯಲಿಲ್ಲ. ಎಎಂಆರ್ ಸೆಕೆಂಡಿಗೆ 8,000 ಮಾದರಿಗಳನ್ನಷ್ಟೇ ತೆಗೆದುಕೊಳ್ಳುತ್ತದೆ. ಹಾಗಾಗಿ 4,000 ಹರ್ಟ್ಜ್‌ಗಿಂತ ಮೇಲಿನದು ಅದರಲ್ಲಿ ಇರಲಾರದು. ಸಕಾರದ ಸುಯ್ಯಿನ ಬಹುಪಾಲು ಇರುವುದು ಅಲ್ಲಿಂದ ಮೇಲೆಯೇ. ಶಕಾರ ಇನ್ನೂ ಸ್ವಲ್ಪ ಕೆಳಗಿನಿಂದ ಶುರುವಾಗುತ್ತದೆ. ಎರಡನ್ನೂ ಬೇರ್ಪಡಿಸುವ ಜಾಗವನ್ನೇ ಯಂತ್ರ ಬಿಟ್ಟುಬಂದಿತ್ತು. ಎರಡು ವರ್ಷದ ಓದು ಆಯಿಯ ನಾಲಿಗೆಯಲ್ಲಿ ಉಳಿಸಿದ್ದು ಬಹುಶಃ ಆ ಒಂದು ಅಕ್ಷರ.

ತಪ್ಪು ನನ್ನದೂ ಇದೆ. ಮೊದಲ ಉತ್ಸಾಹದಲ್ಲಿ ಎಲ್ಲರ ಫೋನಿನಲ್ಲೂ ಕೇಳಲೆಂದು ಅದನ್ನು ಸಣ್ಣ ಎಂಪಿ3 ಮಾಡಿ ಬಂಧುಗಳಿಗೆ ಹಂಚಿದೆ. ಅದು ಒಮ್ಮೆ ಹಿಂಡಿದ್ದನ್ನು ಮತ್ತೆ ಹಿಂಡಿದಂತೆ. ಅಳಿದದ್ದು ಯಾವ ಪರಿವರ್ತನೆಯಿಂದಲೂ ಮರಳುವುದಿಲ್ಲ. ವೇವ್ ಕಡತ ಮಾಡಿದರೆ ಗಾತ್ರ ಬೆಳೆಯುತ್ತದೆ, ಇನ್ನಷ್ಟು ಹೋಗುವುದು ತಪ್ಪುತ್ತದೆ, ಅಷ್ಟೇ. ಈಗ ಮೂಲ ಎಎಂಆರ್ ಕಡತವನ್ನು ಹೆಸರು, ದಿನಾಂಕವನ್ನೂ ಬದಲಿಸದೆ ಮೂರು ಕಡೆ ಇಟ್ಟಿದ್ದೇನೆ. ಕೇಳಲು, ಹಂಚಲು ವೇವ್ ಪ್ರತಿ.

ಇಂದಿನ ವಾಟ್ಸ್‌ಆ್ಯಪ್ ಧ್ವನಿಸಂದೇಶಗಳು ಬಳಸುವುದು 2012ರಲ್ಲಿ ಮಾನದಂಡವಾದ ಓಪಸ್ ಅನ್ನು. ಅದು ಎಎಂಆರ್‌ಗಿಂತ ಎಷ್ಟೋ ಉದಾರಿ. ಆದರೂ ಬಿಟ್ಟುಬಿಡುವ ಕೆಲಸ ಅದಕ್ಕೂ ಇದೆ. ನಮ್ಮ ಕ್ಷೇತ್ರಕಾರ್ಯದ ಸಂದರ್ಶನಗಳು ಎಷ್ಟೋ ಈಗ ಅದರಲ್ಲೇ ಇವೆ.

ಪ್ರಬಂಧದ ಕರಡಿನಲ್ಲಿ ಆ ಪದವನ್ನು ಎರಡೂ ಬಗೆಯಲ್ಲಿ ಬರೆದು, ಕಡತದಿಂದ ನಿರ್ಧರಿಸಲಾಗದು, ಮಗಳ ನೆನಪಿನ ಪ್ರಕಾರ "ಶಾಲಿ" ಎಂದು ಅಡಿಟಿಪ್ಪಣಿ ಹಾಕಿದ್ದೇನೆ. ಅಮ್ಮನಿಗೆ ಅದು ಒಪ್ಪಿಗೆಯಾಗಿಲ್ಲ. "ನಾ ಕೇಳೀನಿ ಅಂದ ಮ್ಯಾಲೆ ಇನ್ನೇನು ಬೇಕು ನಿನಗ?" ಅನ್ನುತ್ತಾಳೆ.