ಬೀದಿಗೆ ಯಾರ ಹೆಸರು?

ನಮ್ಮ ಸಿದ್ಧಾರ್ಥನಗರಕ್ಕೆ ಬುದ್ಧನ ಹೆಸರಿದೆ. ಒಳಗಿನ ಬೀದಿಗಳಿಗೆ ಮೇನು, ಕ್ರಾಸು ಅಂತ ನಂಬರು. ಪೇಟೆ ಕಡೆ ಹೋದರೆ ದೊರೆಗಳ ಸಾಲು. ಬರೋಡದ ಮಹಾರಾಜನಿಗೆ ಸಯ್ಯಾಜಿರಾವ್ ರಸ್ತೆ, ಬ್ರಿಟಿಷ್ ವೈಸರಾಯನಿಗೆ ಇರ್ವಿನ್ ರಸ್ತೆ. ಇವರು ಮೈಸೂರಿನ ಧೂಳು ಎಷ್ಟು ದಿನ ಕುಡಿದರೋ!

2024ರ ಕೊನೆಯಲ್ಲಿ ಕೆ.ಆರ್.ಎಸ್. ರಸ್ತೆಯ ಒಂದು ಭಾಗಕ್ಕೆ ‘ಸಿದ್ದರಾಮಯ್ಯ ಆರೋಗ್ಯ ಮಾರ್ಗ’ ಎಂದು ಹೆಸರಿಡಲು ನಗರಪಾಲಿಕೆ ಹೊರಟಿತು. ಊರೆಲ್ಲ ಗದ್ದಲ. ಅದು ಪ್ರಿನ್ಸೆಸ್ ರಸ್ತೆ ಅಂತ ವಿರೋಧಿಸಿದವರು ಹಳೇ ದಾಖಲೆ ತೆಗೆದರು. ನಾಲ್ವಡಿಯವರ ಸೋದರಿ ಕೃಷ್ಣಾಜಮ್ಮಣ್ಣಿ ಕ್ಷಯದಿಂದ ತೀರಿಕೊಂಡವರು. ಅದೇ ರಸ್ತೆಯ ಪಿ.ಕೆ.ಟಿ.ಬಿ. ಆಸ್ಪತ್ರೆ ಅವರ ನೆನಪಿನದು. ಆ ನೆನಪು ಅಳಿಸಬೇಕೆಂದು ನಾವು ಹೇಳುವುದಿಲ್ಲ. ಆದರೆ ಆ ಜಗಳದಲ್ಲಿ ನಮ್ಮ ಕಿವಿಗೆ ಬಿದ್ದದ್ದು ಎರಡೇ: ಅರಮನೆ, ವಿಧಾನಸೌಧ. ಕ್ಷಯ ಅರಮನೆಗಿಂತ ಹೆಚ್ಚು ಸಲ ಕೇರಿಗೆ ಬಂದಿದೆ. ಅಲ್ಲಿ ಸತ್ತವರಿಗೆ ಯಾವ ಬೋರ್ಡು?

ಈ ಊರು ಮರೆಯಬಾರದ ಇನ್ನೊಬ್ಬರಿದ್ದಾರೆ. ತಲೆ ಮೇಲೆ ಮಲ ಹೊರುವ ಪದ್ಧತಿ ನಿಲ್ಲಿಸಲು ಕೈಹಾಕಿದ ಮಂತ್ರಿ ಬಿ. ಬಸವಲಿಂಗಪ್ಪ. 1973ರಲ್ಲಿ ಇದೇ ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಎಂದದ್ದಕ್ಕೆ ಅವರು ಮಂತ್ರಿಗಿರಿ ಬಿಡಬೇಕಾಯಿತು. ಮಲ ಹೊರಿಸುವುದನ್ನು ದೇಶದ ಕಾನೂನು 2013ರಲ್ಲಿ ಮತ್ತೊಮ್ಮೆ ನಿಷೇಧಿಸಬೇಕಾಗಿ ಬಂತು ಅಂದರೆ ಲೆಕ್ಕ ಹಾಕಿ.

ಆದಿಕರ್ನಾಟಕಪುರ ಅಶೋಕಪುರಂ ಆದಾಗ ಬೋರ್ಡಿನಿಂದ ಜಾತಿ ಇಳಿಯಿತು. (ಬೆನ್ನ ಮೇಲಿಂದ ಇಳಿಯಿತೇ, ಅದು ಬೇರೆ ಮಾತು.) ಹೆಸರು ಬದಲಾಗಬಲ್ಲದು ಅಂತ ಅಷ್ಟಾದರೂ ಗೊತ್ತಾಯಿತು.

ಊರೂರಿನ ಮೇಷ್ಟ್ರುಗಳಲ್ಲಿ, ಹುಡುಗರಲ್ಲಿ ನಮ್ಮದೊಂದು ಕೇಳಿಕೆ. ನಿಮ್ಮ ಕೇರಿಯಲ್ಲಿ ಹೆರಿಗೆ ಮಾಡಿಸಿದ ಅಜ್ಜಿ, ರಸ್ತೆಗೆ ಜಲ್ಲಿ ಹೊತ್ತವರು, ಮೊದಲು ಸ್ಲೇಟು ಹಿಡಿದವರು ಯಾರ್ಯಾರು, ವಯಸ್ಸಾದವರನ್ನು ಕೇಳಿ ಬರೆದಿಡಿ. ಮುಂದಿನ ಸಲ ಪಾಲಿಕೆಯೋ ಪಂಚಾಯ್ತಿಯೋ ಹೆಸರಿಗೆ ಆಕ್ಷೇಪಣೆ ಕರೆದಾಗ ಆ ಪಟ್ಟಿ ಹಿಡಿದು ಹೋಗೋಣ.