ಜೀರ್ಣೋದ್ಧಾರ ಮತ್ತು ಮರುಬಳಕೆ: ವಿಜಾಪುರದ ಹಳೆಯ ಕಟ್ಟಡಗಳನ್ನು ಕುರಿತು

ಕನ್ನಡ ಶಾಸನಗಳಲ್ಲಿ ದತ್ತಿಯ ಉದ್ದೇಶವನ್ನು ಹೇಳುವಾಗ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಒಡೆದುದನ್ನು, ಬಿರಿದುದನ್ನು, ಹಳತಾದುದನ್ನು ಸರಿಪಡಿಸಲೆಂದು ಭೂಮಿಯನ್ನೋ ಸುಂಕವನ್ನೋ ಬಿಟ್ಟುಕೊಡುತ್ತಿದ್ದರು. ಅದೇ ದತ್ತಿಯಲ್ಲಿ ಪೂಜೆ, ಆಹಾರದಾನ, ವಿದ್ಯಾದಾನಗಳೂ ಸೇರಿರುತ್ತಿದ್ದವು. ಕಟ್ಟಡದ ದುರಸ್ತಿ ಬೇರೆ, ಅದರ ಬಳಕೆ ಬೇರೆ ಎಂಬ ಭಾವನೆ ಅಲ್ಲಿರಲಿಲ್ಲ. ಇವೆರಡೂ ಬೇರ್ಪಟ್ಟ ಬಗೆಯನ್ನು ವಿಜಾಪುರ (2014ರಿಂದ ಅಧಿಕೃತವಾಗಿ ವಿಜಯಪುರ) ನಗರದ ನಿದರ್ಶನದಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮರುಬಳಕೆಯು ವಿಜಾಪುರಕ್ಕೆ ಹೊಸದಲ್ಲ. ಅರಕಿಲ್ಲೆಯ ಕರೀಮುದ್ದೀನ್ ಮಸೀದಿಯಲ್ಲಿ (1320) ಹಿಂದಿನ ದೇವಾಲಯಗಳ ಕಂಬಗಳನ್ನು ಕಾಣುತ್ತೇವೆ. ಮುಹಮ್ಮದ್ ಆದಿಲಶಾಹನ ಕಾಲದಲ್ಲಿ ನ್ಯಾಯದಾನಕ್ಕೆಂದು ನಿರ್ಮಿತವಾದ ದಾದ್ ಮಹಲ್ ಮುಂದೆ ಪ್ರವಾದಿಯವರ ಪವಿತ್ರ ಅವಶೇಷಗಳನ್ನಿರಿಸುವ ಸ್ಥಳವಾಗಿ ಆಸಾರ್ ಮಹಲ್ ಎಂಬ ಹೆಸರನ್ನು ಪಡೆಯಿತು. ಅರಮನೆಗಳು ಪಾಳುಬಿದ್ದ ಈ ಊರಿನಲ್ಲಿ ಆಸಾರ್ ಮಹಲ್ ತನ್ನ ಮರದ ಕಂಬಗಳೊಡನೆ ಉಳಿದುಬಂದುದಕ್ಕೆ ಜನರ ಶ್ರದ್ಧೆಯೂ ಒಂದು ಕಾರಣವೆನ್ನಬೇಕು.

1686ರಲ್ಲಿ ಔರಂಗಜೇಬನು ನಗರವನ್ನು ವಶಪಡಿಸಿಕೊಂಡ ತರುವಾಯ ರಾಜಧಾನಿಯ ವೈಭವ ಇಳಿಯಿತು. ಎರಡು ಶತಮಾನಗಳ ನಂತರ, 1885ರಲ್ಲಿ, ಬ್ರಿಟಿಷ್ ಸರಕಾರವು ಜಿಲ್ಲಾ ಕೇಂದ್ರವನ್ನು ಕಲಾದಗಿಯಿಂದ ಇಲ್ಲಿಗೆ ವರ್ಗಾಯಿಸಿತು. ಹೊಸ ಕಟ್ಟಡಗಳನ್ನು ಕಟ್ಟುವ ಬದಲು ಇದ್ದವನ್ನೇ ಬಳಸಿಕೊಳ್ಳಲಾಯಿತು. ಚೀನಿ ಮಹಲಿನಲ್ಲಿ ಸರಕಾರಿ ಕಚೇರಿಗಳು ನಡೆದವು. ಅದಾಲತ್ ಮಹಲ್ ಕಲೆಕ್ಟರರ ನಿವಾಸವಾಯಿತು. ಬುಖಾರಿ ಮಸೀದಿಯಲ್ಲಿ ಅಂಚೆ ಕಚೇರಿ ಬಂತು. ಇದರಿಂದ ಗೋಡೆಗಳಿಗೆ ಆಸರೆ ದೊರೆಯಿತು, ಛಾವಣಿಗಳು ದುರಸ್ತಿಯಾದವು. ಆದರೆ ಕಮಾನುಗಳ ನಡುವೆ ಗೋಡೆ ಎದ್ದಿತು, ಸುಣ್ಣ ಬಳಿಯಲಾಯಿತು, ಪ್ರಾರ್ಥನೆಯ ಸ್ಥಳಕ್ಕೆ ಸಲ್ಲದ ಬಳಕೆಯೂ ನಡೆಯಿತು.

1900ರಲ್ಲಿ ಇಲ್ಲಿಗೆ ಭೇಟಿಯಿತ್ತ ವೈಸ್‌ರಾಯ್ ಕರ್ಜನ್ ಮಸೀದಿಗಳ ಇಂಥ ಬಳಕೆಯನ್ನು ಆಕ್ಷೇಪಿಸಿ ತೆರವಿಗೆ ಕ್ರಮ ಕೈಗೊಂಡನು. 1904ರ ಪ್ರಾಚೀನ ಸ್ಮಾರಕಗಳ ಸಂರಕ್ಷಣಾ ಕಾಯಿದೆ ಈ ದೃಷ್ಟಿಗೆ ಶಾಸನದ ಬಲ ನೀಡಿತು. ಹೆನ್ರಿ ಕಝಿನ್ಸ್ ನಡೆಸಿದ ಸರ್ವೇಕ್ಷಣೆಯು 1916ರಲ್ಲಿ ಗ್ರಂಥವಾಗಿ ಪ್ರಕಟವಾಯಿತು. ಈ ಮೂವರ, ಅಂದರೆ ಆಡಳಿತಗಾರ, ಕಾಯಿದೆ ಮತ್ತು ಸರ್ವೇಕ್ಷಕನ, ಕೊಡುಗೆಯಿಲ್ಲದೆ ವಿಜಾಪುರದ ಎಷ್ಟೋ ಕಟ್ಟಡಗಳು ಇಂದು ಉಳಿದಿರುತ್ತಿರಲಿಲ್ಲ. ಆದರೆ ‘ಸ್ಮಾರಕ’ ಎಂಬ ಹೊಸ ಪರಿಕಲ್ಪನೆಯೊಂದಿಗೆ ಕಟ್ಟಡವು ನೋಡತಕ್ಕ ವಸ್ತುವಾಯಿತು. ಬಳಸತಕ್ಕ ತಾಣವಾಗಿ ಉಳಿಯಲಿಲ್ಲ.

ಗೋಳಗುಮ್ಮಟದ ಮುಂದಿನ ನಗಾರಖಾನೆಯನ್ನೇ ನೋಡಬಹುದು. 1892ರಿಂದ ಅದು ವಸ್ತುಸಂಗ್ರಹಾಲಯ. 1962ರಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆ ಅದನ್ನು ವಹಿಸಿಕೊಂಡಿತು. ಶಾಸನ, ವೀರಗಲ್ಲು, ಹಸ್ತಪ್ರತಿಗಳಿಗೆ ಆಶ್ರಯವಿತ್ತ ಇದು ಮರುಬಳಕೆಯ ಯಶಸ್ವಿ ಉದಾಹರಣೆಯೇ ಸರಿ. ಆದರೆ ನಗಾರಿಯ ನಾದಕ್ಕಾಗಿ ಕಟ್ಟಿದ ಈ ಮನೆಯಲ್ಲಿ ನಾದದ ನೆನಪನ್ನು ಎಲ್ಲಿ ಹುಡುಕಬೇಕು? ಬಾರಿಸುತ್ತಿದ್ದವರು ಯಾರು, ಯಾವ ಹೊತ್ತಿಗೆ, ಯಾವ ಲಯದಲ್ಲಿ ಎಂಬ ಪ್ರಶ್ನೆಗಳಿಗೆ ಕಲ್ಲು ಉತ್ತರಿಸುವುದಿಲ್ಲ. ಜಾನಪದ ಅಧ್ಯಯನದ ಕೆಲಸ ಇಲ್ಲಿಂದ ಆರಂಭವಾಗುತ್ತದೆ.

ಬಾವಡಿಗಳ ವಿಷಯವೂ ಹೀಗೆಯೇ. 1620ರ ತಾಜ ಬಾವಡಿಯನ್ನು ಊರಿನ ಜನ ನೀರಿಗೂ ಬಟ್ಟೆ ಒಗೆಯುವುದಕ್ಕೂ ಗಣೇಶನ ವಿಸರ್ಜನೆಗೂ ಬಳಸಿದರು. ಕಾಲಾನಂತರ ಹೂಳು, ಕಸ ತುಂಬಿತು. ಈಚಿನ ದಶಕದಲ್ಲಿ ನಗರದ ಹಲವು ಬಾವಡಿಗಳೊಡನೆ ಇದರ ಹೂಳನ್ನೂ ತೆಗೆಯಲಾಯಿತು. ಬಳಕೆಯೇ ಬಾವಡಿಯನ್ನು ಕೆಡಿಸಿತು ಎನ್ನುವವರಿದ್ದಾರೆ. ನಳದ ನೀರು ಬಂದು ಬಾವಡಿಯ ನೀರು ಯಾರಿಗೂ ಬೇಡವಾದಾಗ ಅದು ಕೆಟ್ಟಿತು ಎಂಬುದು ಹೆಚ್ಚು ಸರಿಯಾದ ಮಾತು. ನೀರನ್ನು ನಂಬಿ ಬದುಕುವವರು ನೀರಿಗೆ ಕಸ ಹಾಕುವುದಿಲ್ಲ.

ಸಂರಕ್ಷಿತ ಸ್ಮಾರಕಗಳ ಪಟ್ಟಿಗೆ ಸೇರದ ಕಟ್ಟಡಗಳ ಸ್ಥಿತಿ ಇನ್ನೂ ಕಠಿಣವಾದುದು. 2010ರ ತಿದ್ದುಪಡಿ ಕಾಯಿದೆಯಂತೆ ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ. ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಅಲ್ಲಿ ವಾಸಿಸುವ ಕುಟುಂಬವು ತನ್ನ ಹಳೆಯ ಮನೆಯ ದುರಸ್ತಿಗೂ ಅನುಮತಿ ಪಡೆಯಬೇಕು. ಸ್ಮಾರಕಕ್ಕೆ ರಕ್ಷಣೆಯಿದೆ, ಅದರ ನೆರಳಿನಲ್ಲಿ ತಲೆಮಾರುಗಳಿಂದ ಬಾಳಿದ ಮಣ್ಣಿನ ಗೋಡೆಯ ಮನೆಗೆ, ಕಲ್ಲಿನ ವಾಡೆಗೆ ಅಂಥ ರಕ್ಷಣೆಯಿಲ್ಲ. ಅವು ಬಿದ್ದರೆ ಓಣಿಯ ಹೆಸರು, ಅಲ್ಲಿನ ಕಸುಬು, ಹೇಳುತ್ತಿದ್ದ ಕಥೆ ಎಲ್ಲವೂ ಒಟ್ಟಿಗೆ ಅಳಿಯುತ್ತವೆ.

ಒಟ್ಟಾರೆಯಾಗಿ, ವಿಜಾಪುರದ ಇತಿಹಾಸವು ಎರಡು ಪಾಠಗಳನ್ನು ಮುಂದಿಡುತ್ತದೆ. ವಿವೇಚನೆಯಿಲ್ಲದ ಬಳಕೆ ಕಟ್ಟಡದ ರೂಪವನ್ನು ಕೆಡಿಸುತ್ತದೆ. ಬಳಕೆಯಿಲ್ಲದ ರಕ್ಷಣೆ ಅದರ ಅರ್ಥವನ್ನು ಬರಿದುಮಾಡುತ್ತದೆ. ಆದ್ದರಿಂದ ಯಾವುದೇ ಹಳೆಯ ಕಟ್ಟಡದ ದುರಸ್ತಿಗೆ ತೊಡಗುವ ಮೊದಲು ಅದರ ಅಳತೆ, ನಕ್ಷೆಗಳೊಡನೆ ಅದನ್ನು ಬಳಸಿದವರ ಮಾತನ್ನೂ ದಾಖಲಿಸುವುದು ಅಗತ್ಯ. ಸುಣ್ಣದ ಗಾರೆಯನ್ನು ಮತ್ತೆ ಅರೆಯಬಹುದು. ಅದನ್ನು ಅರೆಯುವ ಹದ ಬಲ್ಲವರ ನೆನಪು ಒಮ್ಮೆ ಹೋದರೆ ಮರಳಿ ದೊರೆಯದು.