ಎಲ್ಲರೂ ತಿದ್ದಬಹುದಾದ ಪುಟಕ್ಕೆ ಕಾವಲು ಯಾರು? ವಿಕಿಯ ಬೆನ್ನಿಗಿರುವ ಗಿಟ್

ವಾಟ್ಸ್‌ಆ್ಯಪ್‌ನಲ್ಲಿ ಮನೆಮದ್ದಿನ ಸಂದೇಶವೊಂದು ಬರುತ್ತದೆ. ಮೊದಲು ಬರೆದವರು ಯಾರೋ ಗೊತ್ತಿಲ್ಲ. ಕೈಯಿಂದ ಕೈಗೆ ದಾಟುವಾಗ ಯಾರಾದರೂ 'ಅರ್ಧ ಚಮಚ'ವನ್ನು 'ಎರಡು ಚಮಚ' ಮಾಡಿದ್ದರೂ ನಮಗೆ ತಿಳಿಯುವ ದಾರಿಯಿಲ್ಲ. ಸಾವಿರಾರು ಫೋನುಗಳಲ್ಲಿ ಅದರ ಪ್ರತಿಗಳಿರುತ್ತವೆ. ಆದರೆ ಒಂದು ಪ್ರತಿಯಲ್ಲೂ ಅದರ ಹಿಂದಿನ ಕತೆ ಇರುವುದಿಲ್ಲ.

ಹಾಗಾದರೆ ಎಲ್ಲರೂ ತಿದ್ದಬಹುದಾದ ವಿಕಿ ಪುಟಗಳ ಗತಿ ಏನು? 'ಯಾರು ಏನು ಬೇಕಾದರೂ ಬರೆದು ಹೋಗಬಹುದು, ಲೆಕ್ಕ ಇಡುವವರೇ ಇಲ್ಲ' ಎಂಬ ಮಾತು ಆಗಾಗ ಕೇಳಿಬರುತ್ತದೆ. ಇದರ ಮೊದಲರ್ಧ ಬಹುಮಟ್ಟಿಗೆ ನಿಜ, ಎರಡನೆಯ ಅರ್ಧ ತಪ್ಪು. ಲೆಕ್ಕ ಇಡಲು ಹಲವು ವಿಧಾನಗಳಿವೆ. ಅವುಗಳಲ್ಲಿ ಒಂದು, ವಿಕಿಯ ಪುಟಗಳನ್ನು ಗಿಟ್ ಎಂಬ ತಂತ್ರಾಂಶದಲ್ಲಿ ಇಡುವುದು. ಅದು ಹೇಗೆ ಕೆಲಸಮಾಡುತ್ತದೆ ನೋಡೋಣ.

ವಿಕಿಯ ನೆನಪು ಎಲ್ಲಿರುತ್ತದೆ?

ಮೊದಲ ವಿಕಿಯನ್ನು 1995ರಲ್ಲಿ ವಾರ್ಡ್ ಕನಿಂಗ್‌ಹ್ಯಾಮ್ ರೂಪಿಸಿದರು. ಹವಾಯಿ ಭಾಷೆಯಲ್ಲಿ 'ವಿಕಿ' ಎಂದರೆ ಬೇಗ. ಓದುಗರೇ ಪುಟವನ್ನು ಥಟ್ಟನೆ ತಿದ್ದಬಹುದು ಎಂಬುದು ಅದರ ಹೆಗ್ಗಳಿಕೆ. 2001ರಲ್ಲಿ ಶುರುವಾದ ವಿಕಿಪೀಡಿಯ ಈ ವಿಚಾರವನ್ನು ಜಗತ್ತಿಗೆಲ್ಲ ಪರಿಚಯಿಸಿತು.

ವಿಕಿಪೀಡಿಯದ ಪುಟದಲ್ಲಿ ಇತಿಹಾಸ ನೋಡುವ ಕೊಂಡಿ ಒತ್ತಿದರೆ ಹಿಂದಿನ ಬದಲಾವಣೆಗಳು ಸಾಲಾಗಿ ಕಾಣುತ್ತವೆ. ವಿಕಿಪೀಡಿಯ ಗಿಟ್ ಬಳಸುವುದಿಲ್ಲ. ಅದರ ಪುಟಗಳು ಮತ್ತು ಅವುಗಳ ಇತಿಹಾಸ ವಿಕಿಮೀಡಿಯ ಸಂಸ್ಥೆಯ ಸರ್ವರ್‌ಗಳಲ್ಲಿರುವ ಡೇಟಾಬೇಸ್‌ನಲ್ಲಿ ಇರುತ್ತವೆ. ಅಂದರೆ ಇದು ಒಂದೇ ಕಡೆ ಇಟ್ಟ ಲೆಕ್ಕದ ಪುಸ್ತಕ. ಅಷ್ಟು ದೊಡ್ಡ ಸಂಸ್ಥೆ ಅದನ್ನು ಜೋಪಾನ ಮಾಡುತ್ತದೆ. ಆದರೆ ಒಂದು ಶಾಲೆಯೋ ಸಂಘವೋ ಸಣ್ಣ ವಿಕಿ ನಡೆಸುತ್ತಿದ್ದು, ಅವರ ಒಂದೇ ಸರ್ವರ್ ಕೆಟ್ಟುಹೋದರೆ? ಬೇರೆ ಕಡೆ ಬ್ಯಾಕಪ್ ಇಡದಿದ್ದರೆ ಪುಟಗಳ ಜೊತೆ ಇತಿಹಾಸವೂ ಹೋಯಿತು.

ಗಿಟ್ ಏನು ಮಾಡುತ್ತದೆ?

ಲಿನಕ್ಸ್‌ನ ಜನಕ ಲೀನಸ್ ಟೋರ್ವಾಲ್ಡ್ಸ್ 2005ರಲ್ಲಿ ಗಿಟ್ ಬರೆದರು. ಜಗತ್ತಿನ ಬೇರೆ ಬೇರೆ ಕಡೆ ಕುಳಿತವರು ಬರೆದ ಪ್ರೋಗ್ರಾಮ್ ಸಾಲುಗಳನ್ನು ಗೊಂದಲವಿಲ್ಲದೆ ಒಟ್ಟುಗೂಡಿಸುವುದು ಅದರ ಕೆಲಸ. ಅದೇ ವರ್ಷ ಬಂದ ಮರ್ಕ್ಯುರಿಯಲ್ ಕೂಡ ಇದೇ ಜಾತಿಯ ತಂತ್ರಾಂಶ.

ಇವುಗಳ ವಿಶೇಷ ಇಷ್ಟೇ: ಪ್ರತಿ ಪಡೆದವರಿಗೆ ಇವತ್ತಿನ ಪುಟ ಮಾತ್ರವಲ್ಲ, ಸಾಮಾನ್ಯವಾಗಿ ಮೊದಲ ದಿನದಿಂದ ಇಂದಿನವರೆಗಿನ ಇತಿಹಾಸವೂ ಸಿಗುತ್ತದೆ. ಒಂದೇ ಲೆಕ್ಕದ ಪುಸ್ತಕವನ್ನು ಕಪಾಟಿನಲ್ಲಿ ಬೀಗ ಹಾಕಿ ಇಡುವ ಬದಲು, ಸದಸ್ಯರೆಲ್ಲರ ಮನೆಯಲ್ಲೂ ಪೂರ್ತಿ ಪುಸ್ತಕ ಇದ್ದಂತೆ. ಒಬ್ಬರ ಮನೆಯದು ನೆನೆದು ಹೋದರೂ ಇನ್ನೊಬ್ಬರಿಂದ ತರಬಹುದು.

ವಿಕಿಗೆ ಇದನ್ನು ಜೋಡಿಸುವುದು ಹೇಗೆ?

ಇಂಥ ವಿಕಿಯಲ್ಲಿ ಪ್ರತಿ ಪುಟವೂ ಒಂದು ಸರಳ ಪಠ್ಯ ಕಡತ. ನೀವು ಬ್ರೌಸರ್‌ನಲ್ಲಿ ತಿದ್ದಿ ಉಳಿಸಿದರೆ ಹಿನ್ನೆಲೆಯಲ್ಲಿ ಗಿಟ್‌ನ ಒಂದು 'ಕಮಿಟ್' ದಾಖಲಾಗುತ್ತದೆ: ಏನು ಬದಲಾಯಿತು, ಯಾರ ಹೆಸರಿನಲ್ಲಿ, ಯಾವಾಗ, ಏಕೆ. ನೆಟ್‌ವರ್ಕ್ ಇಲ್ಲದ ಊರಿನಲ್ಲಿದ್ದರೂ ಲ್ಯಾಪ್‌ಟಾಪ್‌ನಲ್ಲಿ ಪುಟ ತಿದ್ದಿಟ್ಟು, ನೆಟ್ ಸಿಕ್ಕಾಗ ಕಳಿಸಬಹುದು.

ಐಕಿವಿಕಿ, ಗಿಟ್ಇಟ್, ಗೊಲ್ಲಮ್ ಎಂಬ ತಂತ್ರಾಂಶಗಳು ಕೆಲಸ ಮಾಡುವುದು ಹೀಗೆಯೇ. ಗಿಟ್‌ಹಬ್ ಮತ್ತು ಗಿಟ್‌ಲ್ಯಾಬ್ ತಾಣಗಳಲ್ಲಿರುವ ವಿಕಿಗಳು ಕೂಡ ಒಳಗೆ ಗಿಟ್ ಭಂಡಾರಗಳೇ.

2017ರ ಜನವರಿ 31ರಂದು ಗಿಟ್‌ಲ್ಯಾಬ್‌ನ ತಂತ್ರಜ್ಞರೊಬ್ಬರು ತಪ್ಪು ಸರ್ವರ್‌ನಲ್ಲಿ ಅಳಿಸುವ ಆಜ್ಞೆ ಕೊಟ್ಟುಬಿಟ್ಟರು. ಸುಮಾರು 6 ಗಂಟೆಗಳ ಅವಧಿಯಲ್ಲಿ ಡೇಟಾಬೇಸ್ ಸೇರಿದ್ದ ಮಾಹಿತಿ ಕಳೆದುಹೋಯಿತು. ಬಳಕೆದಾರರ ಪ್ರತಿಕ್ರಿಯೆಗಳು, ಹೊಸ ಖಾತೆಗಳು ಹೋದವು. ವಿಕಿಗಳು ಉಳಿದವು, ಏಕೆಂದರೆ ಅವು ಆ ಡೇಟಾಬೇಸ್‌ನಲ್ಲಿ ಇರದೆ ಬೇರೆಡೆ ಗಿಟ್ ಭಂಡಾರಗಳಾಗಿ ಇದ್ದವು.

ಹಳೆಯ ಪುಟವನ್ನು ಗುಟ್ಟಾಗಿ ಬದಲಿಸಬಹುದೇ?

ಬಲು ಕಷ್ಟ. ಗಿಟ್ ಪ್ರತಿ ಕಮಿಟ್‌ಗೂ ಅದರೊಳಗಿನ ಮಾಹಿತಿಯಿಂದಲೇ ಲೆಕ್ಕ ಹಾಕಿ 40 ಅಕ್ಷರಗಳ ಒಂದು ಗುರುತು ಕೊಡುತ್ತದೆ. ಇದನ್ನು ಹ್ಯಾಶ್ ಎನ್ನುತ್ತಾರೆ. ಒಂದು ಕೊಂಬು, ಒಂದು ಚುಕ್ಕೆ ಬದಲಾದರೂ ಗುರುತು ಪೂರ್ತಿ ಬೇರೆಯಾಗುತ್ತದೆ. ಪ್ರತಿ ಕಮಿಟ್‌ನಲ್ಲಿ ಹಿಂದಿನ ಕಮಿಟ್‌ನ ಗುರುತೂ ಸೇರಿರುವುದರಿಂದ, ಮಧ್ಯದ ಒಂದನ್ನು ತಿರುಚಿದರೆ ಅಲ್ಲಿಂದ ಮುಂದಿನ ಎಲ್ಲ ಗುರುತುಗಳೂ ಬದಲಾಗಬೇಕು. ಆಗ ಉಳಿದವರ ಬಳಿ ಇರುವ ಪ್ರತಿಗೂ ಇದಕ್ಕೂ ತಾಳೆಯಾಗುವುದಿಲ್ಲ.

2011ರಲ್ಲಿ ಲಿನಕ್ಸ್‌ನ ಮುಖ್ಯ ತಾಣಕ್ಕೆ ಹ್ಯಾಕರ್‌ಗಳು ನುಗ್ಗಿದ್ದರು. ಆಗ ಲಿನಕ್ಸ್ ಬಳಗಕ್ಕೆ ಧೈರ್ಯ ಕೊಟ್ಟದ್ದು ಈ ಗುಣವೇ. ಸಾವಿರಾರು ಜನರ ಬಳಿ ಪ್ರತಿಗಳಿದ್ದುದರಿಂದ ಯಾರಿಗೂ ಕಾಣದಂತೆ ಹಳೆಯದನ್ನು ತಿದ್ದುವುದು ಸಾಧ್ಯವಿರಲಿಲ್ಲ.

ಈ ಗುರುತು ಹಾಕಲು ಗಿಟ್ ಮೊದಲಿನಿಂದ ಬಳಸಿದ ಶಾ-1 ವಿಧಾನದಲ್ಲಿ ದೋಷವಿದೆ ಎಂಬುದನ್ನು 2017ರಲ್ಲಿ ಸಂಶೋಧಕರು ತೋರಿಸಿಕೊಟ್ಟರು. ಬಳಿಕ ಅಂಥ ದಾಳಿಯನ್ನು ಪತ್ತೆಹಚ್ಚುವ ವ್ಯವಸ್ಥೆ ಗಿಟ್‌ಗೆ ಸೇರಿತು. ಹೆಚ್ಚು ಗಟ್ಟಿಯಾದ ಶಾ-256 ಬಳಸುವ ಆಯ್ಕೆಯೂ ಬಂದಿದೆ.

ಇಬ್ಬರು ಒಂದೇ ಸಾಲನ್ನು ತಿದ್ದಿದರೆ?

ಬೇರೆ ಬೇರೆ ಭಾಗಗಳನ್ನು ತಿದ್ದಿದ್ದರೆ ಗಿಟ್ ತಾನೇ ಜೋಡಿಸುತ್ತದೆ. ಒಂದೇ ಸಾಲನ್ನು ಇಬ್ಬರೂ ಬೇರೆ ಬೇರೆ ರೀತಿ ಬದಲಿಸಿದ್ದರೆ ಅದು ಅಲ್ಲಿಯೇ ನಿಂತು ಎರಡೂ ರೂಪಗಳನ್ನು ಮುಂದಿಡುತ್ತದೆ. ಯಾವುದು ಸರಿ ಎಂದು ಹೇಳಬೇಕಾದವರು ಮನುಷ್ಯರೇ.

ಕನ್ನಡದಲ್ಲಿ ಬರೆಯುವವರಿಗೆ ಎರಡು ಕಿವಿಮಾತು

ಗಿಟ್ ವ್ಯತ್ಯಾಸ ತೋರಿಸುವುದು ಸಾಲಿನ ಲೆಕ್ಕದಲ್ಲಿ. ಇಡೀ ಪ್ಯಾರಾವನ್ನು ಒಂದೇ ಉದ್ದ ಸಾಲಾಗಿ ಬರೆದಿದ್ದರೆ, ಒಂದು ಪದ ತಿದ್ದಿದರೂ ಇಡೀ ಪ್ಯಾರಾ ಬದಲಾದಂತೆ ತೋರುತ್ತದೆ. ಕಡತದಲ್ಲಿ ಪ್ರತಿ ವಾಕ್ಯವನ್ನೂ ಹೊಸ ಸಾಲಿನಲ್ಲಿ ಬರೆದರೆ ಈ ತೊಂದರೆ ತಪ್ಪುತ್ತದೆ.

ಎರಡನೆಯದು ಯೂನಿಕೋಡ್ ವಿಚಾರ. 'ಕೊಡಗು' ಪದದ 'ಕೊ' ಅಕ್ಷರವನ್ನು ಕಂಪ್ಯೂಟರ್ ಎರಡು ಬಗೆಯಲ್ಲಿ ಉಳಿಸಬಹುದು: 'ಕ' ಜೊತೆ 'ಒ' ಸ್ವರದ ಒಂದೇ ಚಿಹ್ನೆ, ಇಲ್ಲವೇ 'ಎ' ಮತ್ತು 'ಊ' ಸ್ವರಗಳ ಎರಡು ಚಿಹ್ನೆಗಳು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಗಿಟ್‌ಗೆ ಮಾತ್ರ ಇವು ಬೇರೆ ಬೇರೆ. ಪಠ್ಯವನ್ನೆಲ್ಲ ಎನ್‌ಎಫ್‌ಸಿ ಎಂಬ ಒಂದೇ ಯೂನಿಕೋಡ್ ರೂಪಕ್ಕೆ ತಂದು ಉಳಿಸಿದರೆ ಇಲ್ಲದ ಬದಲಾವಣೆ ಕಾಣಿಸಿಕೊಳ್ಳುವುದಿಲ್ಲ.

ಮೂರು ತಪ್ಪು ಕಲ್ಪನೆಗಳು

'ಇತಿಹಾಸ ಇದೆ, ಹಾಗಾಗಿ ವಿಷಯ ನಿಜ.' ಅಲ್ಲ. ಸುಳ್ಳು ಬರೆದರೆ ಗಿಟ್ ಸುಳ್ಳನ್ನೂ ಅಷ್ಟೇ ಜೋಪಾನವಾಗಿ ಇಡುತ್ತದೆ. ಅದು ಹೇಳುವುದು ಯಾವಾಗ ಏನು ಬದಲಾಯಿತು ಎಂದು ಮಾತ್ರ.

'ಹೆಸರು ಕಾಣುತ್ತಿದೆ, ಹಾಗಾಗಿ ಅವರೇ ಬರೆದದ್ದು.' ಇದೂ ಖಚಿತವಲ್ಲ. ಗಿಟ್‌ನಲ್ಲಿ ಯಾವ ಹೆಸರು, ಯಾವ ಇಮೇಲ್ ಬೇಕಾದರೂ ಹಾಕಿಕೊಳ್ಳಬಹುದು. ಡಿಜಿಟಲ್ ಸಹಿ ಇದ್ದರೆ ಅಥವಾ ಲಾಗಿನ್ ಮಾಡಿದವರ ಹೆಸರನ್ನೇ ತಾಣ ದಾಖಲಿಸುತ್ತಿದ್ದರೆ ಮಾತ್ರ ಹೆಸರಿಗೆ ತೂಕ.

'ಅಳಿಸಿದೆವು, ಹಾಗಾಗಿ ಹೋಯಿತು.' ಮೂರರಲ್ಲಿ ಹೆಚ್ಚು ಅಪಾಯದ್ದು ಇದೇ. ಪುಟದಲ್ಲಿ ಯಾರದೋ ಫೋನ್ ನಂಬರ್, ಆಧಾರ್ ಸಂಖ್ಯೆ ಅಥವಾ ಕಾಯಿಲೆಯ ವಿವರ ಸೇರಿಸಿ ಮರುದಿನ ಅಳಿಸಿದರೂ ಹಳೆಯ ಆವೃತ್ತಿಯಲ್ಲಿ ಅದು ಉಳಿದಿರುತ್ತದೆ. ನಿರ್ವಾಹಕರು ಇತಿಹಾಸವನ್ನೇ ಹೊಸದಾಗಿ ಬರೆದರೂ, ಆಗಲೇ ಇತರರು ಪಡೆದುಕೊಂಡ ಪ್ರತಿಗಳಿಗೆ ಅದು ಮುಟ್ಟುವುದಿಲ್ಲ. ಮರೆಯದಿರುವುದೇ ಇದರ ಬಲ, ತೊಡಕೂ ಅದೇ. ಉಳಿಸುವ ಮೊದಲೇ ಯೋಚಿಸಬೇಕು.

ಹಂಚಿಕೊಳ್ಳುವ ಮೊದಲು ನಾವೇನು ಮಾಡಬಹುದು?

ವಿಕಿಯ ವಿಷಯವನ್ನು ಸ್ಕ್ರೀನ್‌ಶಾಟ್ ಅಥವಾ ಕಾಪಿ-ಪೇಸ್ಟ್ ಮಾಡಿ ಕಳಿಸಿದರೆ ಅದರ ಇತಿಹಾಸ ಅಲ್ಲಿಗೇ ಕಡಿದುಹೋಗುತ್ತದೆ. ಅದರ ಬದಲು ಕೊಂಡಿ ಕಳಿಸಿ. ವಿಕಿಪೀಡಿಯದಲ್ಲೂ ಗಿಟ್ ಆಧಾರಿತ ಹಲವು ವಿಕಿಗಳಲ್ಲೂ ನೀವು ಓದಿದ ಆವೃತ್ತಿಗೆ ಮಾತ್ರ ಸಂಬಂಧಿಸಿದ ಶಾಶ್ವತ ಕೊಂಡಿ ಸಿಗುತ್ತದೆ. ನಾಳೆ ಪುಟ ಬದಲಾದರೂ ನೀವು ಓದಿದ್ದು ಏನು ಎಂಬುದನ್ನು ಎದುರಿನವರು ಪರೀಕ್ಷಿಸಬಹುದು. ಔಷಧದ ಪ್ರಮಾಣ, ಹಣ, ಚುನಾವಣೆಯಂಥ ವಿಷಯವಾದರೆ ಇತಿಹಾಸದ ಪುಟವನ್ನೂ ಒಮ್ಮೆ ತೆರೆಯಿರಿ. ನಿಮಗೆ ಅಚ್ಚರಿ ತಂದ ಆ ಒಂದು ಸಾಲು ನಿನ್ನೆ ರಾತ್ರಿಯಷ್ಟೇ ಸೇರಿದ್ದಾದರೆ, ಫಾರ್ವರ್ಡ್ ಮಾಡಲು ಇನ್ನೊಂದು ದಿನ ಕಾಯಬಹುದು.